ರೇಡಾರ್ ಡಿಟೆಕ್ಟರ್ ಬೇಡದಲ್ಲಿ ಕೂಗುತ್ತದೆ, ಬೇಕಾದಲ್ಲಿ ಸುಮ್ಮನಿರುತ್ತದೆ: ದೋಷ ಹುಡುಕುವುದು ಹೇಗೆ?

ಕೊಡಗಿನ ಕಕ್ಕಡ ತಿಂಗಳ ಮಳೆ ಜಡಿಯುತ್ತಿದ್ದ ಒಂದು ಬೆಳಿಗ್ಗೆ ತೋಟದ ಯಜಮಾನರೊಬ್ಬರು ಅಂಗಡಿ ಮುಂದೆ ಕಾರು ನಿಲ್ಲಿಸಿ, ಇಳಿಯದೆ, ಕಿಟಕಿಯಿಂದಲೇ ಒಂದು ಕಪ್ಪು ಪೆಟ್ಟಿಗೆ ಚಾಚಿದರು. ರೇಡಾರ್ ಡಿಟೆಕ್ಟರ್, ಅಂದರೆ ವೇಗ ಅಳೆಯುವ ಪೊಲೀಸ್ ರೇಡಾರ್ ಹತ್ತಿರವಿದ್ದರೆ ಕೂಗಿ ಹೇಳುವ ಪೆಟ್ಟಿಗೆ. “ಅಲ್ಲ ಮಾರಾಯ, ಮಡಿಕೇರಿ ಪೇಟೆಗೆ ಬಂದ್ರೆ ಸಾಕು, ಇದು ಬೊಬ್ಬೆ ಹೊಡೀತದೆ. ಮೊನ್ನೆ ಬೆಂಗಳೂರು ರೋಡಲ್ಲಿ ಪೊಲೀಸ್ ಹಿಡಿದಾಗ ಮಾತ್ರ ತುಟಿ ಪಿಟಕ್ ಅನ್ನಲಿಲ್ಲ. ಮಗಳು ಅಮೆರಿಕದಿಂದ ತಂದದ್ದು. ಹಾಳಾಗಿದ್ಯಾ ನೋಡು.”

ಹಾಳಾಗಿರಲಿಲ್ಲ. ಎರಡೂ ಕಡೆ ಪೆಟ್ಟಿಗೆ ತನ್ನ ಕೆಲಸವನ್ನೇ ಸರಿಯಾಗಿ ಮಾಡಿತ್ತು. ಸುಂಟಿಕೊಪ್ಪದಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವ ನನ್ನ ಮೇಜಿಗೆ ಹೀಗೆ ಬರುವ ಡಿಟೆಕ್ಟರ್‌ಗಳಲ್ಲಿ ನಿಜಕ್ಕೂ ಕೆಟ್ಟವು ಕಡಿಮೆ. ತಪ್ಪು ತಿಳಿದುಕೊಂಡವು ಹೆಚ್ಚು. ಡಿಟೆಕ್ಟರ್ ಕಣ್ಣಲ್ಲ, ಕಿವಿ. ಅದು ತಾನಾಗಿ ಏನನ್ನೂ ಹುಡುಕುವುದಿಲ್ಲ. ಯಾರಾದರೂ ಒಂದು ನಿರ್ದಿಷ್ಟ ಶ್ರುತಿಯಲ್ಲಿ ರೇಡಿಯೋ ಅಲೆ ಬಿಟ್ಟರೆ ಅದಕ್ಕೆ ಕೇಳಿಸುತ್ತದೆ. ಬಿಟ್ಟವರು ಪೊಲೀಸರೋ ಬ್ಯಾಂಕಿನ ಬಾಗಿಲೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಂಡು ಮುಂದೆ ಓದಿ. ಖರ್ಚಿಲ್ಲದ ಪರೀಕ್ಷೆಯಿಂದಲೇ ಶುರು ಮಾಡಿದ್ದೇನೆ.

ಆನ್ ಆಗುವುದೇ ಇಲ್ಲ

ಮೊದಲು ಅದೇ ಲೈಟರ್ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಚಾರ್ಜ್ ಆಗದಿದ್ದರೆ ತಪ್ಪು ಕಾರಿನದು, ಡಿಟೆಕ್ಟರಿನದಲ್ಲ. ಸಾಕೆಟ್‌ನೊಳಗೆ ಟಾರ್ಚ್ ಬಿಟ್ಟು ನೋಡಿ. ಒಂದು ರೂಪಾಯಿ ನಾಣ್ಯ, ಚೂಯಿಂಗ್ ಗಮ್ಮಿನ ಬೆಳ್ಳಿ ಕಾಗದ, ಒಮ್ಮೆ ಒಂದು ಮೂಗುತಿ ಕೂಡ ಸಿಕ್ಕಿದೆ. ಕೈ ಹಾಕುವ ಮೊದಲು ಕೀ ತೆಗೆಯಿರಿ. ಲೋಹದ ಚಿಮಟ ಬೇಡ, ಮರದ ಕಡ್ಡಿ ಸಾಕು.

ಸಾಕೆಟ್‌ನ ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರ್‌ನದನ್ನೇ ಹಾಕಬೇಕು. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ “ಆಗ್ತದೆ ಬಿಡಿ” ಅನ್ನುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದು ಆಗುವುದಿಲ್ಲ, ಸುಡುತ್ತದೆ. ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಹೋದರೆ ಮೂರನೆಯದನ್ನು ಹಾಕಬೇಡಿ. ಎಲ್ಲೋ ವೈರ್ ಕಾರಿನ ಲೋಹದ ಮೈಗೆ ತಾಗುತ್ತಿದೆ, ಅಲ್ಲಿಗೆ ನಿಲ್ಲಿಸಿ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಸಾಕೆಟ್ ಸರಿ ಇದ್ದು ಡಿಟೆಕ್ಟರ್ ಮಾತ್ರ ಸತ್ತಂತಿದ್ದರೆ ಅದರ ಪ್ಲಗ್ಗಿನ ತುದಿಯ ತಿರುಪು ಬಿಚ್ಚಿ. ಬಹಳಷ್ಟು ಪ್ಲಗ್ಗುಗಳ ಒಳಗೇ ಗಾಜಿನ ಪುಟ್ಟ ಫ್ಯೂಸ್ ಇರುತ್ತದೆ. ಇನ್ನು ನಮ್ಮ ಊರಿನ ಖಾಸಾ ರೋಗ ಒಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನೊಳಗೆ ಬೂಷ್ಟು ಹಿಡಿಯುತ್ತದಲ್ಲ, ಆ ತೇವ ಪ್ಲಗ್ಗಿನ ಹಿತ್ತಾಳೆಯನ್ನೂ ಬಿಡುವುದಿಲ್ಲ. ತುದಿಯಲ್ಲಿ ಹಸಿರು ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬಟ್ಟೆ ಅದ್ದಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಮಳೆಗಾಲದಲ್ಲಿ ನನ್ನ ಹತ್ತಿರ ಬರುವ “ಸತ್ತ” ಡಿಟೆಕ್ಟರ್‌ಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಎದ್ದು ಕೂರುತ್ತವೆ.

ಒಂದು ವಾರ ಕಾರು ತೆಗೆಯದಿದ್ದರೆ ಬ್ಯಾಟರಿ ಇಳಿಯುತ್ತದೆ

ಇದು ಡಿಟೆಕ್ಟರ್ ಹಾಕಿಸಿದ ಮೇಲೆ ಶುರುವಾಗಿದ್ದರೆ ಕಾರಣ ಬಹುತೇಕ ಒಂದೇ: ವೈರನ್ನು ನೇರವಾಗಿ ಬ್ಯಾಟರಿ ಲೈನಿಗೆ ಕೊಟ್ಟಿದ್ದಾರೆ. ಕಾಲು ಆಂಪಿಯರ್ ಎಳೆಯುವ ಪೆಟ್ಟಿಗೆ ಎಂದುಕೊಳ್ಳಿ. ದಿನಕ್ಕೆ 6 ಆಂಪಿಯರ್-ಅವರ್ ಆಯಿತು. ಸಣ್ಣ ಕಾರಿನ 35ರ ಬ್ಯಾಟರಿ ಆರು ದಿನಕ್ಕೆ ಖಾಲಿ. ತೋಟದ ರಸ್ತೆಗೆ ಮರ ಬಿದ್ದು ವಾರಗಟ್ಟಲೆ ಕಾರು ಹೊರಗೆ ತೆಗೆಯದ ಮನೆಗಳಲ್ಲಿ ಇದು ನಡೆಯುವುದೇ. ಕೀ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ನೋಡಿ. ಡಿಟೆಕ್ಟರಿನ ಲೈಟು ಇನ್ನೂ ಉರಿಯುತ್ತಿದ್ದರೆ ಉತ್ತರ ಸಿಕ್ಕಿತು. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ ಅದನ್ನು ಬದಲಾಯಿಸಬೇಕು. ಕೆಲವು ಕಾರುಗಳಲ್ಲಿ ಲೈಟರ್ ಸಾಕೆಟ್ಟೇ ಸದಾ ಜೀವಂತ. ಅಂಥಲ್ಲಿ ಪ್ಲಗ್ ಕಿತ್ತಿಡುವುದೇ ಪರಿಹಾರ.

ವೈರನ್ನು ಮುಂದಿನ ಗ್ಲಾಸಿನ ಪಕ್ಕದ ಕಂಬದ ಒಳಗಿಂದ ತೂರಿಸುವ ಉತ್ಸಾಹ ಬೇಡ. ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಚಾವಣಿಯ ಅಂಚಿನಿಂದ ಆ ಕಂಬದವರೆಗೂ ಮಡಚಿ ಕೂತಿರುತ್ತದೆ. ಅದರ ಮುಂದೆ ಅಡ್ಡ ಹಾದ ವೈರು ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಏನು ಮಾಡುತ್ತದೆ ಎಂದು ಯಾರೂ ಪರೀಕ್ಷಿಸಿ ನೋಡಬೇಕಾಗಿಲ್ಲ. ಪ್ಯಾಸೆಂಜರ್ ಕಡೆ ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಮುಚ್ಚಳದ ಮೇಲೆ ಪೆಟ್ಟಿಗೆ ಅಂಟಿಸುವುದೂ ಅಷ್ಟೇ ಅಪಾಯ.

ಪೇಟೆಯೊಳಗೆ ಬಂದರೆ ಒಂದೇ ಸಮ ಕೂಗು

ಯಜಮಾನರ ಮೊದಲ ದೂರು ಇದೇ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಅರ್ಧ ರೇಡಾರ್ ವಿದ್ಯೆ ಈ ಒಂದು ದೂರಿನೊಳಗೇ ಇದೆ.

ಪೊಲೀಸ್ ರೇಡಾರ್ ಎಂದರೆ ಡಾಪ್ಲರ್. ಪಾಠದ ಪುಸ್ತಕದಲ್ಲಿ ಇದಕ್ಕೆ ರೈಲಿನ ಸೀಟಿಯ ಉದಾಹರಣೆ ಕೊಡುತ್ತಾರೆ. ಕೊಡಗಿಗೆ ರೈಲೇ ಇಲ್ಲ, ಹಾಗಾಗಿ ಬಸ್ಸು ತೆಗೆದುಕೊಳ್ಳಿ. ಖಾಸಗಿ ಬಸ್ಸೊಂದು ಹಾರ್ನ್ ಒತ್ತಿಹಿಡಿದೇ ಎದುರಿಗೆ ಬಂದು ನಿಮ್ಮನ್ನು ದಾಟುವಾಗ ಆ ಸದ್ದು ಕೀರಲಿನಿಂದ ಒಮ್ಮೆಲೇ ದಪ್ಪಗಾಗುತ್ತದೆ. ಬರುವಾಗ ಅಲೆಗಳು ಒತ್ತಿಕೊಂಡಿರುತ್ತವೆ, ಹೋಗುವಾಗ ಹಿಗ್ಗುತ್ತವೆ. ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲಿ ಹೇಳಿದ್ದು ಇದನ್ನೇ. ರೇಡಾರ್ ಗನ್ ಒಂದು ಅಲೆ ಬಿಡುತ್ತದೆ, ಅದು ಕಾರಿಗೆ ಬಡಿದು ಹಿಂದಿರುಗುತ್ತದೆ, ಹೋದ ಶ್ರುತಿಗೂ ಬಂದ ಶ್ರುತಿಗೂ ಇರುವ ವ್ಯತ್ಯಾಸ ಎಣಿಸಿದರೆ ವೇಗ ಸಿಕ್ಕಿತು. 24 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 2,400 ಕೋಟಿ ಅಲೆ ಬಿಡುವ ಗನ್ನಿನಲ್ಲಿ ಗಂಟೆಗೆ 1 ಕಿಲೋಮೀಟರ್ ವೇಗಕ್ಕೆ ಸುಮಾರು 45 ಹರ್ಟ್ಸ್ ವ್ಯತ್ಯಾಸ. 100ರಲ್ಲಿ ಹೋಗುವ ಕಾರಿಗೆ ಹತ್ತಿರಹತ್ತಿರ 4,500.

ಗನ್ನಿಗೆ ಬೇಕಾದದ್ದು ಕಾರಿಗೆ ಬಡಿದು ವಾಪಸ್ ಬಂದ ಬಡಕಲು ಪ್ರತಿಧ್ವನಿ. ಡಿಟೆಕ್ಟರಿಗೆ ಸಿಗುವುದು ನೇರವಾಗಿ ಬಂದ ಗಟ್ಟಿ ಅಲೆ. ಗನ್ನಿಗೆ ಕಾರು ಸಿಗುವ ಮೊದಲೇ ಡಿಟೆಕ್ಟರಿಗೆ ಗನ್ನು ಕೇಳಿಸುವುದು ಇದರಿಂದಲೇ. ಇಡೀ ವ್ಯಾಪಾರ ನಿಂತಿರುವುದು ಈ ಒಂದು ಅನುಕೂಲದ ಮೇಲೆ.

ಡಿಟೆಕ್ಟರಿನ ಪರದೆಯಲ್ಲಿ ಬರುವ ಅಕ್ಷರಗಳು ಬ್ಯಾಂಡ್‌ನ, ಅಂದರೆ ಅಕ್ಕಪಕ್ಕದ ಶ್ರುತಿಗಳ ಒಂದು ಗುಂಪಿನ ಹೆಸರು. ಎಕ್ಸ್ ಎಂದರೆ 10.5 ಗಿಗಾಹರ್ಟ್ಸ್ ಹತ್ತಿರದ್ದು, ಹಳೆಯದು. ಕೆ ಎಂದರೆ 24ರ ಆಸುಪಾಸು. ಕೆಎ ಎಂದರೆ 33.4ರಿಂದ 36ರವರೆಗೆ. ಯಜಮಾನರು ಗಂಭೀರವಾಗಿ ಕೇಳಿದ್ದರು: “ಕೆಎ ಅಂತ ತೋರಿಸ್ತಿತ್ತು, ನಮ್ಮ ನಂಬರ್ ಪ್ಲೇಟ್ ಓದ್ತದಾ ಇದು?” ಕೆಎ-12ಕ್ಕೂ ಅದಕ್ಕೂ ಸಂಬಂಧವಿಲ್ಲ. ಜರ್ಮನ್ ಭಾಷೆಯಲ್ಲಿ ‘ಕುರ್ತ್ಸ್’ ಎಂದರೆ ಗಿಡ್ಡ, ಗಿಡ್ಡ ಅಲೆಯ ಬ್ಯಾಂಡಿಗೆ ಕೆ ಎಂದರು. ಅದಕ್ಕಿಂತ ಮೇಲಿನದ್ದು ಕೆಎ ಆಯಿತು.

ಈಗ ತೊಂದರೆಗೆ ಬನ್ನಿ. ಕೆ ಬ್ಯಾಂಡ್ ಪೊಲೀಸರ ಸ್ವಂತದ್ದಲ್ಲ. ತಾನಾಗಿ ತೆರೆಯುವ ಗಾಜಿನ ಬಾಗಿಲುಗಳ ತಲೆಯ ಮೇಲಿನ ಸೆನ್ಸರ್ ಅದೇ 24 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಕಾರುಗಳ ಹಿಂದಿನ ಬಂಪರ್ ಮೂಲೆಗಳಲ್ಲಿ ಕೂತು ಪಕ್ಕದ ವಾಹನ ನೋಡುವ ಬ್ಲೈಂಡ್ ಸ್ಪಾಟ್ ರೇಡಾರ್‌ಗಳಲ್ಲಿ ಹಲವು ಅದೇ ಬ್ಯಾಂಡಿನವು. ಶೋರೂಮ್, ಬ್ಯಾಂಕು, ಹೋಟೆಲು, ವಾರಾಂತ್ಯಕ್ಕೆ ಬಂದ ಬೆಂಗಳೂರಿನ ದೊಡ್ಡ ಕಾರುಗಳ ಸಾಲು: ಪೇಟೆಯೊಳಗೆ ಡಿಟೆಕ್ಟರ್‌ಗೆ ಕಿವಿ ಮುಚ್ಚಿಕೊಳ್ಳಲು ಜಾಗವೇ ಇಲ್ಲ.

ಯಾವುದರ ಕೂಗು ಎಂದು ಬೇರ್ಪಡಿಸಲು ಉಪಕರಣ ಬೇಡ. ಅದೇ ಜಾಗದಲ್ಲಿ ಎರಡು ದಿನ ಹೋಗಿ ಬನ್ನಿ. ಒಂದು ಜಾಗಕ್ಕೆ ಬಂದಾಗ ಏರಿ, ದಾಟಿದಾಗ ಇಳಿದು, ಮರುದಿನವೂ ಅಲ್ಲೇ ಅದೇ ರೀತಿ ಕೂಗಿದರೆ ಅದು ನೆಲಕ್ಕೆ ಅಂಟಿದ್ದು, ಅಂದರೆ ಬಾಗಿಲು. ಕೂಗು ನಿಮ್ಮ ಜೊತೆಗೇ ಕಿಲೋಮೀಟರ್‌ಗಟ್ಟಲೆ ಬಂದು, ಮುಂದಿನ ಕಾರು ತಿರುವಿನಲ್ಲಿ ಬೇರೆ ದಾರಿ ಹಿಡಿದ ಕೂಡಲೇ ನಿಂತರೆ ಅದು ಆ ಕಾರಿನದು. ಯಾರೂ ಮುಂದಿಲ್ಲ ಹಿಂದಿಲ್ಲ, ಆದರೂ ನಿಲ್ಲುತ್ತಿಲ್ಲ ಎಂದರೆ ಕೆಳಗಿನ ‘ಖಾಲಿ ರಸ್ತೆಯಲ್ಲೂ ಕೂಗು’ ಓದಿ.

ಗದ್ದಲ ಕಡಿಮೆ ಮಾಡಲು ಮೂರು ಕೆಲಸ. ಎಕ್ಸ್ ಬ್ಯಾಂಡ್ ಆಫ್ ಮಾಡಿ. ‘ಹೈವೇ’ ಬಿಟ್ಟು ‘ಸಿಟಿ’ ಅಥವಾ ‘ಆಟೋ’ ಸ್ಥಿತಿಗೆ ತನ್ನಿ. ಕೆ ಬ್ಯಾಂಡ್ ಫಿಲ್ಟರ್, ಅಂದರೆ ಬ್ಲೈಂಡ್ ಸ್ಪಾಟ್ ರೇಡಾರನ್ನು ಗುರುತಿಸಿ ಸುಮ್ಮನಿರುವ ಆಯ್ಕೆ ಇದ್ದರೆ ಆನ್ ಮಾಡಿ. ಯಜಮಾನರ ಪೆಟ್ಟಿಗೆಯಲ್ಲಿ ಮೂರೂ ಫ್ಯಾಕ್ಟರಿಯಿಂದ ಬಂದ ಹಾಗೇ ಇದ್ದವು. ಐದು ನಿಮಿಷದ ಕೆಲಸ, ಅವರ ಹತ್ತಿರ ದುಡ್ಡೂ ತೆಗೆದುಕೊಳ್ಳಲಿಲ್ಲ.

ಖಾಲಿ ರಸ್ತೆಯಲ್ಲೂ ಕೂಗು

ಅತಿ ಸುಲಭದ ಪರೀಕ್ಷೆ: ಡಿಟೆಕ್ಟರನ್ನು ಕಿತ್ತು ಬೇರೆ ಕಾರಿಗೆ ಹಾಕಿ, ಅದೇ ರಸ್ತೆಯಲ್ಲಿ ಹೋಗಿ. ಅಲ್ಲಿ ಸುಮ್ಮನಿದ್ದರೆ ಕೂಗಿಸುತ್ತಿರುವುದು ನಿಮ್ಮದೇ ಕಾರು. ನಿಮ್ಮ ಕಾರಿಗೇ ಬ್ಲೈಂಡ್ ಸ್ಪಾಟ್ ರೇಡಾರ್ ಇದೆಯೇ ನೋಡಿ. ಮೆನುವಿನಲ್ಲಿ ಅದನ್ನು ಒಮ್ಮೆ ಆಫ್ ಮಾಡಿ ಕೂಗು ನಿಲ್ಲುತ್ತದೆಯೇ ಗಮನಿಸಿ. ಆದರೆ ಡಿಟೆಕ್ಟರಿನ ನೆಮ್ಮದಿಗಾಗಿ ಅದನ್ನು ಆಫ್ ಮಾಡಿಯೇ ಇಡುವುದು ಮೂಗು ಕೊಯ್ದುಕೊಂಡು ನತ್ತು ಉಳಿಸಿಕೊಂಡ ಹಾಗೆ.

ಬಳಿಕ ಡ್ಯಾಶ್‌ಕ್ಯಾಮ್, ಅಗ್ಗದ ಚಾರ್ಜರ್, ಆಮೇಲೆ ಹಾಕಿಸಿದ ಎಲ್‌ಇಡಿ ಹೆಡ್‌ಲೈಟ್ ಒಂದೊಂದಾಗಿ ಆಫ್ ಮಾಡುತ್ತಾ ಹೋಗಿ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ. ಸಾಕೆಟ್ಟಿಗೆ ಒಂದಕ್ಕೆ ಮೂರು ಮಾಡುವ ಅಡಾಪ್ಟರ್ ಹಾಕಿದ್ದರೆ ಅದನ್ನೇ ಮೊದಲು ಅನುಮಾನಿಸಿ.

‘ಲೇಸರ್’ ಎಂದು ಸುಳ್ಳು ಕೂಗುವುದು ಬೆಳಗ್ಗೆ, ಸಂಜೆ ಸೂರ್ಯ ಎದುರಿಗಿದ್ದಾಗ ಮಾತ್ರವಾದರೆ ಅದು ರೋಗವಲ್ಲ. ಪೊಲೀಸರ ಲೇಸರ್ ಗನ್ ಬಿಡುವ ಜಾತಿಯ ಅತಿಗೆಂಪು ಬೆಳಕು ಬಿಸಿಲಿನಲ್ಲೂ ಇದೆ. ಸಿಲ್ವರ್ ಓಕ್ ಸಾಲಿನ ಮರೆಯಿಂದ ಬಿಸಿಲು ಮಿಣಮಿಣ ಹೊಡೆಯುವಾಗ ಪೆಟ್ಟಿಗೆ ಮೋಸ ಹೋಗುತ್ತದೆ.

ಕೂಗಲೇ ಇಲ್ಲ, ಆದರೆ ದಂಡ ಬಂತು

ಯಜಮಾನರ ಎರಡನೆಯ ದೂರು. “ಪೊಲೀಸರ ಕೈಯಲ್ಲಿ ಏನಿತ್ತು?” ಎಂದು ಕೇಳಿದೆ. “ಮೂರು ಕಾಲಿನ ಸ್ಟ್ಯಾಂಡ್ ಮೇಲೆ ದುರ್ಬೀನಿನ ಹಾಗೆ ಒಂದು” ಎಂದರು. ಅದು ಲೇಸರ್ ಗನ್, ರೇಡಾರ್ ಅಲ್ಲವೇ ಅಲ್ಲ.

ರೇಡಾರಿನ ಕಿರಣ ಅಗಲ. 12 ಡಿಗ್ರಿ ಹರಡುವ ಗನ್ ಎಂದುಕೊಂಡರೆ 300 ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ 60 ಮೀಟರ್ ಮೇಲಾಗಿರುತ್ತದೆ. ಇಡೀ ರಸ್ತೆ, ಪಕ್ಕದ ಗದ್ದೆ ಎಲ್ಲ ಅದರಲ್ಲಿ ನೆನೆಯುತ್ತವೆ. ಮುಂದಿನ ಲಾರಿಗೆ ಬಿಟ್ಟ ಅಲೆ ಹಿಂದಿರುವ ನಿಮಗೂ ಕೇಳಿಸುತ್ತದೆ. ಲೇಸರ್ ಗನ್ ಬಿಡುವುದು ಸುಮಾರು 905 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಬೆಳಕಿನ ಮಿಡಿತ. ಅದೇ 300 ಮೀಟರಿನಲ್ಲಿ ಅದರ ಅಗಲ ಒಂದು ಮೀಟರಿನಷ್ಟೇ. ನಂಬರ್ ಪ್ಲೇಟಿಗೋ ಹೆಡ್‌ಲೈಟಿಗೋ ಗುರಿ ಇಟ್ಟರೆ ಮೇಲೆ ಗ್ಲಾಸಿಗೆ ಅಂಟಿದ ಡಿಟೆಕ್ಟರಿಗೆ ಅದು ತಾಗದೆಯೂ ಹೋಗಬಹುದು. ತಾಗಿದರೂ, ಗನ್ ಲೆಕ್ಕ ಮುಗಿಸಲು ಅರ್ಧ ಸೆಕೆಂಡ್ ಕೂಡ ಬೇಡ. ಹೋಗಿ ಬರುವ ಮಿಡಿತಗಳ ಸಮಯ ಅಳೆದು, ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂದು ನೋಡುತ್ತದೆ, ಮುಗಿಯಿತು. ಹಾಗಾಗಿ ಡಿಟೆಕ್ಟರ್ ‘ಲೇಸರ್’ ಎಂದು ಕೂಗಿದರೆ ಅದರ ಅರ್ಥ “ಎಚ್ಚರಿಕೆ” ಅಲ್ಲ, “ಆಗಿಹೋಯಿತು”.

ಡಿಟೆಕ್ಟರ್ ಸುಮ್ಮನಿರಲು ಇನ್ನೊಂದು ಕಾರಣ ಕ್ಯಾಮೆರಾ. ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ ಕಂಬಗಳ ಮೇಲೆ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳಿವೆ. ಬರೀ ಚಿತ್ರ ತೆಗೆಯುವ ಕ್ಯಾಮೆರಾ ಯಾವ ಅಲೆಯನ್ನೂ ಬಿಡುವುದಿಲ್ಲ. ಎರಡು ಕಂಬಗಳ ನಡುವಿನ ದೂರವನ್ನು ನೀವು ತೆಗೆದುಕೊಂಡ ಸಮಯದಿಂದ ಭಾಗಿಸಿದರೆ ಸರಾಸರಿ ವೇಗ ಸಿಗುತ್ತದೆ. ಅಲ್ಲಿ ಕೇಳಿಸಿಕೊಳ್ಳಲು ಏನೂ ಇಲ್ಲ. ಎಷ್ಟು ದುಬಾರಿ ಕಿವಿ ಇದ್ದರೂ ಮೌನ ಕೇಳಿಸುವುದಿಲ್ಲ.

ಹಾಗಾದರೆ ನಿಜವಾದ ರೇಡಾರಿಗೂ ಸುಮ್ಮನಿರುತ್ತದೆಯೇ ಎಂದು ಹೇಗೆ ತಿಳಿಯುವುದು? ಪೊಲೀಸರನ್ನು ಹುಡುಕಿಕೊಂಡು ಹೋಗಬೇಡಿ. ತಾನಾಗಿ ತೆರೆಯುವ ಬಾಗಿಲಿನ ಮುಂದೆ ಕಾರು ನಿಲ್ಲಿಸಿ, ಮೂತಿ ಅದರ ಕಡೆ ಇಟ್ಟು, ‘ಹೈವೇ’ ಸ್ಥಿತಿಯಲ್ಲಿ ಎಲ್ಲ ಫಿಲ್ಟರ್ ಆಫ್ ಮಾಡಿ. ಒಂದು ಬಾಗಿಲು ಬೇರೆ ಬ್ಯಾಂಡಿನದಾಗಿರಬಹುದು, ಹಾಗಾಗಿ ಎರಡು ಮೂರು ಕಡೆ ನೋಡಿ. ಕೆ ಎಂದು ಕೂಗಿದರೆ ಕಿವಿ ಸರಿ ಇದೆ. ಎಲ್ಲೂ ಸುಮ್ಮನಿದ್ದರೆ ಕೈಯಲ್ಲಿ ಹಿಡಿದು ಕಾರಿನ ಹೊರಗೆ ಬಂದು ಮತ್ತೆ ತೋರಿಸಿ. ಹೊರಗೆ ಕೂಗಿ ಒಳಗೆ ಕೂಗದಿದ್ದರೆ ತಪ್ಪು ಗ್ಲಾಸಿನದು.

ಕೆಲವು ಕಾರುಗಳ ಮುಂದಿನ ಗ್ಲಾಸಿಗೆ ಬಿಸಿಲು ತಡೆಯಲು ತೆಳು ಲೋಹದ ಲೇಪ ಇರುತ್ತದೆ, ಕೆಲವರು ಲೋಹದಂಶದ ಸನ್‌ಫಿಲ್ಮ್ ಹಾಕಿಸಿರುತ್ತಾರೆ. ರೇಡಿಯೋ ಅಲೆಗೆ ಅದು ಗೋಡೆ. ಇದಕ್ಕೆ ನಾನು ಬಳಸುವ ಉಪಾಯ ಫಾಸ್ಟ್ಯಾಗ್. ಟೋಲ್‌ನಲ್ಲಿ ನಿಮ್ಮ ಟ್ಯಾಗ್ ಓದಲು ಸದಾ ಒದ್ದಾಟವೇ? ಟ್ಯಾಗ್ ಬದಲಿಸಿದರೂ ಸರಿಹೋಗಿಲ್ಲವೇ? ಗ್ಲಾಸಿನಲ್ಲಿ ಲೋಹ ಇರುವ ಸಾಧ್ಯತೆ ಬಲ. ಅಂಥ ಗ್ಲಾಸಿನಲ್ಲಿ ಒಳಕನ್ನಡಿಯ ಹತ್ತಿರ ಸಣ್ಣ ಕಪ್ಪು ಚುಕ್ಕಿಗಳ ಒಂದು ಪಟ್ಟಿ ಇದ್ದರೆ ಅಲ್ಲಿ ಲೇಪ ಬಿಟ್ಟಿರುತ್ತಾರೆ. ಟ್ಯಾಗೂ ಡಿಟೆಕ್ಟರೂ ಆ ಕಿಂಡಿಗೆ ಬಂದರೆ ಎರಡೂ ಸರಿಹೋಗುತ್ತವೆ. ಪೆಟ್ಟಿಗೆ ನೆಲಕ್ಕೆ ಸಮವಾಗಿ, ಮೂತಿ ನೇರ ರಸ್ತೆಗೆ ಇರಲಿ, ವೈಪರಿನ ದಂಡ ಅಡ್ಡ ಬರದಿರಲಿ, ನಿಮ್ಮ ಕಣ್ಣಿಗಂತೂ ಅಡ್ಡ ಬರಲೇಬಾರದು.

ಕಾರಿನ ಹೊರಗೂ, ಮೂರು ಬಾಗಿಲ ಮುಂದೂ ಮೌನ ಎಂದರೆ ಒಳಗಿನ ಅಲೆ ಹಿಡಿಯುವ ಭಾಗ ಹೋಗಿದೆ. ಅದನ್ನು ನಾನೂ ಬಿಚ್ಚುವುದಿಲ್ಲ. 24 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಹನ್ನೆರಡು ಮಿಲಿಮೀಟರ್. ಒಂದು ತಿರುಪು ಹೆಚ್ಚು ಬಿಗಿದರೂ ಶ್ರುತಿ ತಪ್ಪುವ ಲೋಕ ಅದು. ತಯಾರಕರಿಗೆ ಕಳಿಸಿ, ಇಲ್ಲವಾದರೆ ಬಿಟ್ಟುಬಿಡಿ.

ಕಾರು 80ರಲ್ಲಿದ್ದರೆ ಇದು 50 ತೋರಿಸುತ್ತದೆ

ಜಿಪಿಎಸ್ ಇರುವ ಡಿಟೆಕ್ಟರ್ ನಿಮ್ಮ ವೇಗವನ್ನು ಮೈಲಿಯಲ್ಲಿ ತೋರಿಸುತ್ತಿದೆ. ಮೆನುವಿನಲ್ಲಿ ಕಿಲೋಮೀಟರ್‌ಗೆ ಬದಲಿಸಿ, ಅಷ್ಟೇ. ಅದಾದ ಮೇಲೂ ಸ್ಪೀಡೋಮೀಟರಿಗಿಂತ ಮೂರು ನಾಲ್ಕು ಕಿಲೋಮೀಟರ್ ಕಡಿಮೆ ತೋರಿಸಿದರೆ ಚಿಂತೆ ಬೇಡ, ಕಾರಿನ ಮುಳ್ಳು ಸ್ವಲ್ಪ ಹೆಚ್ಚೇ ಹೇಳುವಂತೆ ಮಾಡಿರುತ್ತಾರೆ. ತೋಟದೊಳಗೆ ನೆರಳು ಮರಗಳ ಕೆಳಗೆ, ಅದರಲ್ಲೂ ಮಳೆಯಲ್ಲಿ ಎಲೆ ನೆನೆದಾಗ ಜಿಪಿಎಸ್ ಬೇಗ ಸಿಗುವುದಿಲ್ಲ. ಬಯಲಿಗೆ ಬಂದು ಎರಡು ನಿಮಿಷ ನಿಂತು ನೋಡಿದ ಮೇಲೆ ತೀರ್ಮಾನಿಸಿ.

ರಷ್ಯನ್ ಮಾತಾಡುತ್ತಿದೆ

ನಗಬೇಡಿ, ಬಂದಿದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಹಲವು ಪೆಟ್ಟಿಗೆಗಳು ಮೂಲತಃ ಆ ಮಾರುಕಟ್ಟೆಗೆ ಮಾಡಿದವು. ಜೊತೆಗೆ ಬಂದ ಚೀಟಿಯಲ್ಲಿ ಭಾಷೆ ಬದಲಿಸುವ ಗುಂಡಿ ಯಾವುದೆಂದು ಇರುತ್ತದೆ. ‘16 ಬ್ಯಾಂಡ್’ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಮಾತ್ರ ಒಂದು ಕ್ಷಣ ಯೋಚಿಸಿ. ಎಕ್ಸ್, ಕೆ, ಕೆಎ, ಯುರೋಪಿನ ಕೆಲವೆಡೆ ಕೆಯು, ಜೊತೆಗೆ ಲೇಸರ್. ಇಷ್ಟನ್ನು ಹೇಗೆ ಎಣಿಸಿದರೂ ಹದಿನಾರು ಆಗುವುದಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ‘ಮುಂದಿನ ರೇಡಾರ್ ಮುಚ್ಚಿದೆ’ ಎಂಬ ಸಂದೇಶ

ಇದು ಡಿಟೆಕ್ಟರಿನದಲ್ಲ, ಕಾರಿನದೇ ರೇಡಾರ್. ಎರಡನ್ನೂ ಒಂದೇ ಎಂದುಕೊಂಡು “ಡಿಟೆಕ್ಟರ್ ಹಾಕಿಸಿದ್ದಕ್ಕೆ ಹೀಗಾಯ್ತಾ?” ಎಂದು ಕೇಳುವವರಿದ್ದಾರೆ. ಅಲ್ಲ. ಮುಂದಿನ ವಾಹನ ನೋಡಿ ತಾನಾಗಿ ಬ್ರೇಕ್ ಹಾಕುವ, ಕ್ರೂಸ್ ವೇಗ ಹೊಂದಿಸುವ ಈ ರೇಡಾರ್ ಸಾಮಾನ್ಯವಾಗಿ 77 ಗಿಗಾಹರ್ಟ್ಸ್‌ನದು, ಅಲೆಯ ಉದ್ದ ನಾಲ್ಕು ಮಿಲಿಮೀಟರಿಗೂ ಕಡಿಮೆ. ಕೂತಿರುವುದು ಮುಂದಿನ ಲಾಂಛನದ ಹಿಂದೆ ಅಥವಾ ಬಂಪರಿನ ಕೆಳಭಾಗದಲ್ಲಿ.

ಇದರಲ್ಲಿ ಕೊಡಗಿನವರಿಗೆ ಉಪಯೋಗವಾಗುವ ಒಂದು ಗುರುತು ಹೇಳುತ್ತೇನೆ. ಮಂಜು ರೇಡಾರನ್ನು ಕುರುಡು ಮಾಡುವುದಿಲ್ಲ, ಒಳಕನ್ನಡಿಯ ಹಿಂದೆ ಕೂತ ಕಾರಿನ ಕ್ಯಾಮೆರಾವನ್ನು ಮಾಡುತ್ತದೆ. ಕೆಸರು ತದ್ವಿರುದ್ಧ: ಬಂಪರಿಗೆ ಮೆತ್ತಿದ ಒದ್ದೆ ಕೆಂಪು ಮಣ್ಣು ರೇಡಾರನ್ನು ಮುಚ್ಚುತ್ತದೆ, ಮೇಲಿನ ಗ್ಲಾಸಿನ ಕ್ಯಾಮೆರಾಕ್ಕೆ ಏನೂ ಆಗಿರುವುದಿಲ್ಲ. ಸಂಪಾಜೆ ಘಾಟಿಯ ಮಂಜಿನಲ್ಲಿ ಸಂದೇಶ ಬಂದರೆ ಮೊದಲು ಒಳಕನ್ನಡಿಯ ಹಿಂದಿನ ಗ್ಲಾಸ್ ನೋಡಿ. ಒಳಗಿನಿಂದ ಆವಿ ಹಿಡಿದಿದ್ದರೆ ಎಸಿಯನ್ನು ಗ್ಲಾಸಿನ ಕಡೆ ತಿರುಗಿಸಿ. ತೋಟದ ರಸ್ತೆಯಿಂದ ಹೊರಬಂದಾಗ ಸಂದೇಶ ಬಂದರೆ ಒಂದು ಚೊಂಬು ನೀರು, ಮೆತ್ತನೆ ಬಟ್ಟೆ. ಪ್ರೆಷರ್ ವಾಷರನ್ನು ತೀರಾ ಹತ್ತಿರ ಹಿಡಿಯಬೇಡಿ.

ತೊಳೆದರೂ ಹೋಗದಿದ್ದರೆ ಲಾಂಛನದ ಮೇಲೆ ಸ್ಟಿಕ್ಕರ್, ಹೊಸ ಪೇಂಟು, ಮುಂದೆ ಬಿಗಿಸಿದ ಕಬ್ಬಿಣದ ಗಾರ್ಡ್ ಇದೆಯೇ ನೋಡಿ. ಗಾರ್ಡ್ ಹಾಕುವುದೇ ಕಾನೂನಿಗೆ ವಿರುದ್ಧ, ರೇಡಾರಿಗಂತೂ ಅದು ಎದುರಿಗೆ ನಿಂತ ಕಬ್ಬಿಣದ ಗೋಡೆ. ಬಂಪರಿಗೆ ಏಟು ಬಿದ್ದ ಮೇಲೆ ಶುರುವಾಗಿದ್ದರೆ ಅಲ್ಲಿಗೆ ಕೈ ಬಿಡಿ. ಸೆನ್ಸರ್ ಒಂದೆರಡು ಡಿಗ್ರಿ ಓರೆಯಾದರೆ ಪಕ್ಕದ ಲೇನಿನ ಲಾರಿಯನ್ನು ನಿಮ್ಮ ಮುಂದಿನದ್ದೆಂದು ತಿಳಿಯುತ್ತದೆ. ಅದನ್ನು ಸರಿಮಾಡಲು ಅಳತೆ ಹಲಗೆ, ಸ್ಕ್ಯಾನರ್ ಇರುವ ಸರ್ವಿಸ್ ಸೆಂಟರ್ ಬೇಕು. ಸರಿಯಾಗುವವರೆಗೆ ಕ್ರೂಸ್ ಬಳಸಬೇಡಿ. ಘಾಟಿ ತಿರುವುಗಳಲ್ಲಿ ಸರಿ ಇದ್ದರೂ ಬಳಸಬೇಡಿ ಎನ್ನುವುದು ನನ್ನ ಮಾತು.

ನೋಟಿಸಿನಲ್ಲಿರುವ ವೇಗ ನನ್ನದಲ್ಲ

ಮೊದಲು ನೋಟಿಸ್ ಅಸಲಿಯೇ ನೋಡಿ. ವಾಟ್ಸಾಪ್‌ನಲ್ಲಿ ‘ಚಲನ್’ ಎಂದು ಬಂದ ಎಪಿಕೆ ಫೈಲನ್ನು (ಮೊಬೈಲಿಗೆ ಆ್ಯಪ್ ಹಾಕುವ ಫೈಲು) ತೆರೆದು ಬ್ಯಾಂಕ್ ಖಾತೆ ಬರಿದು ಮಾಡಿಕೊಂಡವರು ಬಹಳ. ಲಿಂಕ್ ಮುಟ್ಟದೆ ಸರ್ಕಾರದ ಪರಿವಾಹನ್ ಇ-ಚಲನ್ ತಾಣದಲ್ಲಿ ನಿಮ್ಮ ಗಾಡಿ ನಂಬರ್ ಹಾಕಿ ನೋಡಿ. ಅಲ್ಲಿ ಇದ್ದರೆ ಫೋಟೋ ತೆರೆಯಿರಿ. ಕಾರಿನ ಬಣ್ಣ, ಮಾಡೆಲ್ ನಿಮ್ಮದೇ? ಆ ದಿನ ಆ ಜಾಗದಲ್ಲಿದ್ದಿರಾ? ಬೇರೆಯವರು ನಿಮ್ಮ ನಂಬರ್ ಹಾಕಿಕೊಂಡಿದ್ದರೆ ಇಲ್ಲಿಯೇ ಗೊತ್ತಾಗುತ್ತದೆ. ಆಗ ಪೊಲೀಸರಿಗೆ ಲಿಖಿತ ದೂರು ಕೊಡಿ.

“ಓರೆಯಿಂದ ಹೊಡೆದಿದ್ದಕ್ಕೆ ಹೆಚ್ಚು ಬಂತು” ಎಂಬ ವಾದ ನಿಲ್ಲುವುದಿಲ್ಲ. ರಸ್ತೆ ಬದಿಯಲ್ಲಿ ನಿಂತ ಗನ್ ಓರೆಯಾದಷ್ಟೂ ಕಡಿಮೆಯೇ ಓದುತ್ತದೆ. 20 ಡಿಗ್ರಿ ಓರೆಯಲ್ಲಿ 100ರ ಕಾರು 94 ಆಗಿ ಕಾಣುತ್ತದೆ. ಅನುಕೂಲ ಚಾಲಕನಿಗೇ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟಿನಲ್ಲಿ ಸೇರಿದ 167ಎ ನಿಯಮದ ಪ್ರಕಾರ ಇಂಥ ಯಂತ್ರಕ್ಕೆ ಪ್ರತಿವರ್ಷ ನವೀಕರಿಸುವ ಅನುಮೋದನೆ ಪತ್ರ ಇರಬೇಕು, ಕ್ಯಾಮೆರಾ ಇರುವ ರಸ್ತೆಯ ಮುಂಚೆ ಎಚ್ಚರಿಕೆಯ ಫಲಕ ಇರಬೇಕು. ತಕರಾರು ಮಾಡುವುದಾದರೆ ಇವೆರಡನ್ನು ಹಿಡಿದು ಮಾಡಿ, ಅದಕ್ಕೆ ವಕೀಲರ ಸಲಹೆ ತೆಗೆದುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನಲ್ಲಿ ಕಾರಿನ ಅತಿವೇಗಕ್ಕೆ 1,000ದಿಂದ 2,000 ರೂಪಾಯಿ ದಂಡ.

ಕೊಳ್ಳುವ ಮೊದಲು

ನಿಮ್ಮ ಓಡಾಟ ಎಲ್ಲಿ ಎಂದು ಮೊದಲು ಕೇಳಿಕೊಳ್ಳಿ. ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ನಡುವೆ ಓಡುವವರಿಗೆ ಡಿಟೆಕ್ಟರ್ ವ್ಯರ್ಥ ಖರ್ಚು. ತಿರುವುಗಳೇ ನಿಮ್ಮನ್ನು 40ಕ್ಕೆ ಇಳಿಸುತ್ತವೆ. 2018ರ ಕೇಂದ್ರ ಅಧಿಸೂಚನೆಯಲ್ಲಿ ಕಾರಿಗೆ ಎಕ್ಸ್‌ಪ್ರೆಸ್‌ವೇಗೆ 120, ವಿಭಜಕವಿರುವ ನಾಲ್ಕು ಲೇನಿಗೆ 100, ನಮ್ಮಂಥ ಇತರ ರಸ್ತೆಗಳಿಗೆ 70 ಗರಿಷ್ಠ ಮಿತಿ ಎಂದಿತ್ತು. ಫಲಕದಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಅದೇ ಅಂತಿಮ. ಮೊಬೈಲ್ ನಕ್ಷೆಯಲ್ಲಿ ವೇಗ ಮಿತಿ ದಾಟಿದಾಗ ಎಚ್ಚರಿಸುವ ಸೌಲಭ್ಯ ಇದೆ, ಅದು ಪುಕ್ಕಟೆ. ಲೇಸರಿಗೂ ಕ್ಯಾಮೆರಾಕ್ಕೂ ಅದೇ ಮದ್ದು.

ಆದರೂ ಬೇಕೇ ಬೇಕು ಎಂದರೆ, ಅಥವಾ ವಿದೇಶದಲ್ಲಿ ಕಾರು ಓಡಿಸುವವರಿಗೆ ಆರಿಸಿ ಕೊಡುವುದಾದರೆ, ದೂರದಿಂದ ಕೇಳಿಸುವ ಶಕ್ತಿಗಿಂತ ಬೇಡದ್ದನ್ನು ಬಿಡುವ ಶಕ್ತಿಗೆ ದುಡ್ಡು ಕೊಡಿ. ಬ್ಲೈಂಡ್ ಸ್ಪಾಟ್ ಫಿಲ್ಟರ್ ಇರಲಿ. ಒಂದೇ ಜಾಗದ ಬಾಗಿಲನ್ನು ಜಿಪಿಎಸ್‌ನಿಂದ ನೆನಪಿಟ್ಟುಕೊಂಡು ಮುಂದಿನ ಸಲ ಸುಮ್ಮನಿರುವ ಗುಣ ಇರಲಿ. ಬ್ಯಾಂಡಿನ ಹೆಸರಷ್ಟೇ ಅಲ್ಲ, ಗಿಗಾಹರ್ಟ್ಸ್ ಸಂಖ್ಯೆಯನ್ನೂ ತೋರಿಸಲಿ. ಒಳಗೇ ಲಿಥಿಯಂ ಬ್ಯಾಟರಿ ಇರುವ ಮಾದರಿಯನ್ನು ಬಿಸಿಲಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡಿ. ಹೊಟ್ಟೆ ಉಬ್ಬಿದ್ದು ಕಂಡರೆ ಮತ್ತೆ ಚಾರ್ಜ್ ಮಾಡಬೇಡಿ. ಹೋಗುವ ಊರಿನ ಕಾನೂನು ನೋಡಿ: ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಖಾಸಗಿ ಕಾರಿಗೆ ಅಡ್ಡಿಯಿಲ್ಲ, ವರ್ಜೀನಿಯಾದಲ್ಲಿ ನಿಷೇಧ.

‘ಜ್ಯಾಮರ್’ ಎಂಬ ಪದ ಡಬ್ಬಿಯ ಮೇಲೆ ಕಂಡರೆ ಕೆಳಗಿಡಿ. ಡಿಟೆಕ್ಟರ್ ಕೇಳಿಸಿಕೊಳ್ಳುತ್ತದೆ, ಜ್ಯಾಮರ್ ಅರಚಿ ಬೇರೆಯವರ ಕಿವಿ ಕೆಡಿಸುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಸಿಗ್ನಲ್ ತಡೆಯುವ ಯಾವ ಸಾಧನವನ್ನು ಬಳಸಿದರೂ ಕಾನೂನುಬಾಹಿರ ಎಂದು ದೂರಸಂಪರ್ಕ ಇಲಾಖೆ 2022ರಲ್ಲೇ ಹೇಳಿದೆ. ಅದನ್ನು ಜೋಡಿಸಿ ಕೊಡಿ ಎಂದು ಬಂದವರನ್ನು ನಾನು ಕಾಫಿ ಕೊಟ್ಟು ಕಳಿಸುತ್ತೇನೆ.

ಕೊನೆಗೆ, ತಿತಿಮತಿ ಕಡೆಯಿಂದ ಬರುವವರು ತಪ್ಪದೆ ಕೇಳುವ ಪ್ರಶ್ನೆ: “ಆನೆ ಅಡ್ಡ ಬಂದ್ರೆ ಕೂಗ್ತದಾ?” ಇಲ್ಲ. ಆನೆ ಯಾವ ಬ್ಯಾಂಡಿನಲ್ಲೂ ಅಲೆ ಬಿಡುವುದಿಲ್ಲ. ಆ ರಸ್ತೆಯಲ್ಲಿ ರಾತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತಿಡಿ. ಅದರ ಮಿಣುಕು ದೀಪ ಗ್ಲಾಸಿನಲ್ಲಿ ಪ್ರತಿಫಲಿಸಿ ಕತ್ತಲೆಯ ಅಂಚು ಕಾಣದಂತೆ ಮಾಡುತ್ತದೆ, ಆನೆ ನಿಲ್ಲುವುದು ಆ ಅಂಚಿನಲ್ಲೇ. ಯಜಮಾನರು ಈಗ ಹುಣಸೂರು ದಾಟುವವರೆಗೆ ಪ್ಲಗ್ ಹಾಕುವುದೇ ಇಲ್ಲವಂತೆ.